ತೋಟದ ಕೋವಿಗೆ ಸ್ಕೋಪ್ ಹಾಕಿಸಿದರೆ 300 ಮೀಟರ್ ದೂರದ ಗುರಿ ಸಿಗುತ್ತದೆಯೇ?

ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕೋವಿ ಹೊಸದೇನಲ್ಲ. ಹಂದಿ, ಮಂಗಗಳ ಕಾಟಕ್ಕೆಂದು ಪರವಾನಗಿ ಪಡೆದು ಇಟ್ಟುಕೊಂಡವರು ಅನೇಕರು. ಚುನಾವಣೆ ಬಂದಾಗ ಅವನ್ನು ಠಾಣೆಗೆ ಒಪ್ಪಿಸುವುದೂ ಎಲ್ಲರಿಗೂ ಗೊತ್ತು. ಆದರೆ "ನಳಿಗೆ ಬದಲಿಸಿ, ಸ್ಕೋಪ್ ಕೂರಿಸಿ, ಮದ್ದು ಸ್ವಲ್ಪ ಹೆಚ್ಚು ತುಂಬಿ, ಗುರಿ ತಪ್ಪುವುದೇ ಇಲ್ಲ" ಎಂಬ ಮಾತು ಎಷ್ಟು ನಿಜ? ನೋಡೋಣ.

ಎಲ್ಲ ಕೋವಿಯೂ ರೈಫಲ್ ಅಲ್ಲ

ತೋಟಗಳಲ್ಲಿ ಹೆಚ್ಚಾಗಿ ಇರುವುದು ಕೇಪಿನ ಕೋವಿ ಅಥವಾ ತೋಟಾ ಕೋವಿ. ಇವುಗಳ ನಳಿಗೆಯ ಒಳಭಾಗ ನುಣುಪು. ರೈಫಲ್‌ನ ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡು ಪಲ್ಟಿ ಹೊಡೆಯದೆ ಮೂತಿ ಮುಂದಾಗಿಯೇ ಸಾಗುತ್ತದೆ. ನುಣುಪು ನಳಿಗೆಯಿಂದ ಹೊರಟ ಚರೆಗಳಾದರೋ ಹೋಗುತ್ತಾ ಹೋಗುತ್ತಾ ಹರಡುತ್ತವೆ. ಸುಮಾರು 40 ಮೀಟರ್ ದಾಟಿದರೆ ಅವುಗಳ ಮೇಲೆ ಭರವಸೆ ಇಡುವಂತಿಲ್ಲ. ಸ್ಕೋಪ್ ದೂರದ್ದನ್ನು ದೊಡ್ಡದಾಗಿ ತೋರಿಸುತ್ತದೆ ಅಷ್ಟೆ, ಚರೆ ಹರಡುವುದನ್ನು ತಡೆಯುವುದಿಲ್ಲ.

ರೈಫಲ್ ಇದ್ದರೆ?

ಇಛಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್‌ನಂಥದ್ದು ಇದ್ದರೂ ಭೂಮಿಯ ಸೆಳೆತ ಬಿಡುವುದಿಲ್ಲ. ಗುಂಡಿನ ವೇಗ ಸೆಕೆಂಡಿಗೆ 600 ಮೀಟರ್ ಎಂದಿಟ್ಟುಕೊಳ್ಳಿ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 100 ಮೀಟರ್ ಹೋಗುವಷ್ಟರಲ್ಲಿ ಅದು ಸುಮಾರು 14 ಸೆಂ.ಮೀ. ಕೆಳಗಿಳಿದಿರುತ್ತದೆ. 300 ಮೀಟರ್‌ಗೆ ಹೋದರೆ ಸುಮಾರು 120 ಸೆಂ.ಮೀ.! ದೂರ ಮೂರು ಪಟ್ಟಾದರೆ ಇಳಿತ ಒಂಬತ್ತು ಪಟ್ಟು.

ದೂರ ಹೆಚ್ಚಿದಂತೆ ಗುರಿಯ ತಪ್ಪೂ ಬೆಳೆಯುತ್ತದೆ. ಕೋವಿಯ ಮೇಲಿನ ಹಿಂದಿನ ಕಂಡಿ ಮತ್ತು ಮುಂದಿನ ಮೊನೆಯ ನಡುವೆ ಅರ್ಧ ಮೀಟರ್ ಅಂತರವಿದ್ದು, ಜೋಡಣೆ ಬರೀ 1 ಮಿ.ಮೀ. ತಪ್ಪಿದರೆ 300 ಮೀಟರ್ ದೂರದಲ್ಲಿ ಅದು 60 ಸೆಂ.ಮೀ. ಆಗುತ್ತದೆ. ಅಡ್ಡ ಬೀಸುವ ಗಾಳಿ, ಶೂಟರ್‌ನ ಉಸಿರು, ತೋಟಾದಿಂದ ತೋಟಾಕ್ಕೆ ಇರುವ ಸಣ್ಣ ವ್ಯತ್ಯಾಸ ಎಲ್ಲವೂ ಇದಕ್ಕೆ ಸೇರುತ್ತವೆ. ಸ್ಪರ್ಧೆಯ ಶೂಟರ್‌ಗಳು ವರ್ಷಗಟ್ಟಲೆ ಅಭ್ಯಾಸ ಮಾಡುವುದು ಇದಕ್ಕಾಗಿಯೇ.

ಮದ್ದು ಹೆಚ್ಚಿಸಿದರೆ?

ಇದು ಎಲ್ಲಕ್ಕಿಂತ ಅಪಾಯದ ಸಲಹೆ. ನಳಿಗೆ ತಡೆಯಬಲ್ಲ ಒತ್ತಡಕ್ಕೆ ಮಿತಿ ಇದೆ. ಕಾರ್ಖಾನೆಯಲ್ಲಿ ಅದನ್ನು ಪರೀಕ್ಷಿಸಿಯೇ ಗುರುತು ಹಾಕಿರುತ್ತಾರೆ. ಮಲೆನಾಡಿನ ಮಳೆಗೆ ಒಳಗೊಳಗೇ ತುಕ್ಕು ಹಿಡಿದ ಹಳೇ ನಳಿಗೆಗೆ ಆ ಶಕ್ತಿಯೂ ಉಳಿದಿರುವುದಿಲ್ಲ. ಸಿಡಿದರೆ ಹೋಗುವುದು ಹೊಡೆಯುವವರ ಕೈ, ಕಣ್ಣು.

ಕಾನೂನು ಏನೆನ್ನುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ, ಅದಕ್ಕೆಂದೇ ಪರವಾನಗಿ ಇಲ್ಲದೆ ನಳಿಗೆಯನ್ನು ಮೋಟು ಮಾಡುವುದಾಗಲೀ, ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದಾಗಲೀ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಕೋವಿ ಇಟ್ಟುಕೊಳ್ಳಲು ಇರುವ ಪರವಾನಗಿ ಇದಕ್ಕೆ ಸಾಲದು. ಕಾಡುಪ್ರಾಣಿ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬರುತ್ತದೆ.

ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಸಣ್ಣ ಪಾಯಿಂಟ್ 22 ರೈಫಲ್‌ನ ಗುಂಡು ಕೂಡ ಒಂದು ಕಿಲೋಮೀಟರ್‌ಗೂ ಆಚೆ ಹೋಗಬಲ್ಲದು. ನೆರಳು ಮರ, ಕಾಫಿ ಗಿಡ, ಮಂಜು ತುಂಬಿದ ತೋಟದಲ್ಲಿ ಗುರಿಯ ಹಿಂದೆ ಏನಿದೆ ಎಂಬುದು ಕಾಣುವುದೇ ಇಲ್ಲ. ಅಲ್ಲಿ ಹಣ್ಣು ಕೊಯ್ಯುವವರಿರಬಹುದು, ಕೂಲಿ ಲೈನ್ ಇರಬಹುದು, ಶಾಲೆಗೆ ಹೋಗುವ ಮಕ್ಕಳ ಕಾಲುದಾರಿ ಇರಬಹುದು.

ಹಾಗಾದರೆ ಮಾಡುವುದೇನು? ಕೋವಿ ಕೆಟ್ಟರೆ ಪರವಾನಗಿ ಇರುವ ದುರಸ್ತಿ ಅಂಗಡಿಗೇ ಕೊಡಿ. ಏನಾದರೂ ಬದಲಾವಣೆಯ ಯೋಚನೆ ಇದ್ದರೆ ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ಪ್ರಾಣಿಗಳಿಂದ ಬೆಳೆ ಹಾಳಾದರೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. "ಕೋವಿ ಬದಲಿಸಿ" ಎನ್ನುವ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಈ ಲೇಖನ ಕಳಿಸಿ.