ಹಿಟ್ಟು ಬೇಡ, ಶೇಂಗಾ ಸಾಕು

ಒಂದು ಕಪ್ ಪೀನಟ್ ಬಟರ್, ಒಂದು ಕಪ್ ಸಕ್ಕರೆ, ಒಂದು ಮೊಟ್ಟೆ. ಮೂರನ್ನೂ ಒಂದೇ ಬಟ್ಟಲಲ್ಲಿ ಕಲಸಿ, ದೊಡ್ಡ ನೆಲ್ಲಿಕಾಯಿಯಷ್ಟು ಉಂಡೆ ಕಟ್ಟಿ, ಫೋರ್ಕಿನಿಂದ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಒತ್ತಿ, 180 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಓವನ್ನಿನಲ್ಲಿ ಹತ್ತರಿಂದ ಹನ್ನೆರಡು ನಿಮಿಷ ಇಟ್ಟರೆ ಸುಮಾರು ಎರಡು ಡಜನ್ ಕುಕೀ ಸಿದ್ಧ. ಮೈದಾ ಇಲ್ಲ, ಗೋಧಿ ಇಲ್ಲ, ಬೆಣ್ಣೆ ಇಲ್ಲ, ಡಾಲ್ಡಾ ಇಲ್ಲ. ಅಮೆರಿಕದ ಮನೆಯಡುಗೆಯಲ್ಲಿ ಬಳಕೆಯಲ್ಲಿರುವ ಈ ಕುಕೀಯ ಅಳತೆಗೆ ಪುಸ್ತಕ ತೆರೆಯುವ ಅಗತ್ಯವೇ ಇಲ್ಲ. ಒಂದು, ಒಂದು, ಒಂದು ಎಂದು ನೆನಪಿದ್ದರಾಯಿತು.

ಇದನ್ನು ಕೇಳಿದ ಕೂಡಲೇ ಬರುವ ಪ್ರಶ್ನೆ, ಹಿಟ್ಟಿಲ್ಲದೆ ಇದು ಹಿಡಿದುಕೊಳ್ಳುವುದಾದರೂ ಹೇಗೆ ಎಂಬುದು. ಪುಡಿಪುಡಿಯಾದೀತೆಂಬ ಭಯಕ್ಕೆ ಎರಡು ಚಮಚ ಮೈದಾ ಸೇರಿಸಿಬಿಡುವವರೂ ಇದ್ದಾರೆ. ದಯವಿಟ್ಟು ಸೇರಿಸಬೇಡಿ. ಈ ಕುಕೀಯಲ್ಲಿ ಹಿಟ್ಟಿನ ಜಾಗ ಖಾಲಿ ಬಿದ್ದಿಲ್ಲ, ಆ ಜಾಗದಲ್ಲಿ ಶೇಂಗಾ ಕೂತಿದೆ. ಶೇಂಗಾ ಬೀಜದಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಎಣ್ಣೆ, ಕಾಲು ಭಾಗ ಪ್ರೋಟೀನು. ಇಂಗ್ಲಿಷ್ ಹೆಸರಿನಲ್ಲಿ ನಟ್ ಎಂದಿದ್ದರೂ, ಅಂಗಡಿಯಲ್ಲಿ ಗೋಡಂಬಿ, ಬಾದಾಮಿಯ ಪಕ್ಕದಲ್ಲೇ ಇದ್ದರೂ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ತೊಗರಿ, ಹೆಸರು, ಅಲಸಂದೆಗಳ ಬಳಗದ್ದು. ಬೆಣ್ಣೆ ಕೊಡಬೇಕಾದ ಜಿಡ್ಡನ್ನೂ ಹಿಟ್ಟು ಕೊಡಬೇಕಾದ ಮೈಯನ್ನೂ ಅದೊಂದೇ ಕೊಡುತ್ತದೆ. ಇನ್ನುಳಿದದ್ದು ಹಿಡಿತ. ಅದು ಮೊಟ್ಟೆಯ ಕೆಲಸ. ಐವತ್ತು ಗ್ರಾಂನ ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರು. ಇಡೀ ಮಿಶ್ರಣಕ್ಕೆ ಸಿಗುವ ನೀರು ಹೆಚ್ಚುಕಡಿಮೆ ಅಷ್ಟೇ. ಶಾಖಕ್ಕೆ ಮೊಟ್ಟೆಯ ಪ್ರೋಟೀನು ಗಟ್ಟಿಯಾಗಿ ಶೇಂಗಾ ಕಣಗಳನ್ನು ಕಟ್ಟಿಹಾಕುತ್ತದೆ. ಅಷ್ಟು ಕಡಿಮೆ ನೀರಿನಲ್ಲಿ ಸಕ್ಕರೆಯೆಲ್ಲ ಕರಗಲಾರದು. ಕರಗಿದಷ್ಟು ಪಾಕವಾಗಿ ಕುಕೀಯನ್ನು ಅಗಲಿಸಿ, ಆರುವಾಗ ಬಿಗಿದು ಗರಿ ಕೊಡುತ್ತದೆ, ಕರಗದೆ ಉಳಿದದ್ದು ಹಲ್ಲಿಗೆ ಸಿಕ್ಕುತ್ತದೆ. ಗೋಧಿಯ ಅಂಟು ಇಲ್ಲದ್ದರಿಂದ ಜಗಿಯುವ ರಬ್ಬರಿನ ಗುಣ ಬರುವುದಿಲ್ಲ. ಕಚ್ಚಿದರೆ ಮರಳು ಮರಳಾಗಿ ಮುರಿದು ಬಾಯಲ್ಲಿ ಕರಗುತ್ತದೆ. ಎರಡು ಚಮಚ ಮೈದಾ ಹಾಕಿದಿರೋ, ಆ ಮರಳುತನವೂ ಮಂದ, ಶೇಂಗಾದ ಘಮವೂ ಮಂದ.

ಪೀನಟ್ ಬಟರಿನ ಚರಿತ್ರೆ ಬಹಳ ಹಿಂದಿನದಲ್ಲ. ಹುರಿದ ಶೇಂಗಾವನ್ನು ಮುದ್ದೆಯಾಗುವಂತೆ ಅರೆಯುವ ವಿಧಾನಕ್ಕೆ ಕೆನಡಾದ ಮಾಂಟ್ರಿಯಲ್‌ನ ಮಾರ್ಸೆಲಸ್ ಗಿಲ್ಮೋರ್ ಎಡ್ಸನ್ 1884ರಲ್ಲಿ ಪೇಟೆಂಟ್ ಪಡೆದರು. ಮಿಶಿಗನ್ನಿನ ಬ್ಯಾಟಲ್ ಕ್ರೀಕ್‌ನಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಡಾ. ಜಾನ್ ಹಾರ್ವಿ ಕೆಲ್ಲಾಗ್, ಮಾಂಸ ಬಿಟ್ಟ ರೋಗಿಗಳಿಗೆ ಪೌಷ್ಟಿಕವಾದದ್ದೇನಾದರೂ ಕೊಡಬೇಕೆಂದು 1895ರಲ್ಲಿ ಬೇಯಿಸಿದ ಬೀಜದ ಬೆಣ್ಣೆಗೆ ಪೇಟೆಂಟ್ ಅರ್ಜಿ ಹಾಕಿದರು. ಇವರಿಬ್ಬರಿಗಿಂತ ಹೆಚ್ಚು ಜನ ಹೆಸರಿಸುವುದು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರನ್ನು. ಪೀನಟ್ ಬಟರ್ ಕಂಡುಹಿಡಿದವರು ಅವರಲ್ಲ. ಆದರೆ ಅವರು ಮಾಡಿದ ಕೆಲಸ ಅದಕ್ಕಿಂತ ದೊಡ್ಡದೆಂದೇ ನನ್ನ ಎಣಿಕೆ. ಅಲಬಾಮಾದ ಟಸ್ಕೀಗಿಯಲ್ಲಿ ಕಲಿಸುತ್ತಿದ್ದ ಅವರು, ಬರೀ ಹತ್ತಿ ಬೆಳೆದು ಸವೆದ ನೆಲ, ಹತ್ತಿಕಾಯಿ ಕೊರೆಯುವ ಹುಳು, ಸಾಲ ಇವುಗಳ ನಡುವೆ ಸಿಕ್ಕಿದ್ದ ಬಡ ಕಪ್ಪು ರೈತರಿಗೆ ನೆಲಕ್ಕೆ ಸಾರಜನಕ ಮರಳಿಸುವ ಶೇಂಗಾ ಬೆಳೆಯಿರೆಂದರು. ಬೆಳೆದದ್ದನ್ನು ಮನೆಯಲ್ಲಿ ಉಣ್ಣುವ ಬಗೆಗಳನ್ನೂ ತಿಳಿಸಬೇಕಲ್ಲ! 1916ರಲ್ಲಿ ಶೇಂಗಾ ಬೇಸಾಯದ ಜೊತೆಗೆ ಅದರ 105 ಅಡುಗೆಗಳನ್ನೂ ಹೇಳುವ ಕಿರುಹೊತ್ತಗೆ ತಂದರು. ಅದರಲ್ಲಿ ಶೇಂಗಾ ಕುಕೀಗಳೂ ಇವೆ, ಆದರೆ ಅವಕ್ಕೆ ಹಿಟ್ಟು ಬೇಕು. ಮುಂದೆ 1930ರ ದಶಕದ ಆರಂಭದಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ, ಪಾಕಪುಸ್ತಕಗಳಲ್ಲಿ ಪೀನಟ್ ಬಟರ್ ಕುಕೀಯನ್ನು ಫೋರ್ಕಿನಿಂದ ಒತ್ತುವ ಕ್ರಮ ಕಾಣಿಸಿಕೊಂಡಿತು. ಅಂದು ಬಿದ್ದ ಆ ಚೌಕುಳಿ ಗೆರೆ ಇಂದಿಗೂ ಅದರ ಗುರುತು. ಗೆರೆ ಬರೀ ಅಂದಕ್ಕಲ್ಲ. ಈ ಕಣಕ ದಟ್ಟ, ಉಂಡೆಯಾಗಿಯೇ ಬಿಟ್ಟರೆ ತಾನಾಗಿ ಹೆಚ್ಚು ಹರಡುವುದಿಲ್ಲ, ಅಂಚು ಕಂದಿದರೂ ನಡುಭಾಗ ಹಸಿ ಉಳಿಯುತ್ತದೆ. ಒತ್ತಿದರೆ ಶಾಖ ಎಲ್ಲ ಕಡೆಗೂ ಸಮನಾಗಿ ಇಳಿಯುತ್ತದೆ, ಗೆರೆಯ ಏಣುಗಳು ಮೊದಲು ಕೆಂಪಾಗಿ ಗರಿಯಾಗುತ್ತವೆ.

ಅಂಗಡಿಯ ಡಬ್ಬಿ ತರುವುದಾದರೆ ಹಿಂಬದಿಯ ಅಕ್ಷರ ಓದಿ. ಅಮೆರಿಕದಲ್ಲಿ ಪೀನಟ್ ಬಟರ್ ಎಂದು ಮಾರಬೇಕಾದರೆ ಅದರಲ್ಲಿ ಕನಿಷ್ಠ 90 ಶೇಕಡಾ ಶೇಂಗಾ ಇರಲೇಬೇಕೆಂಬ ಕಾನೂನಿದೆ. ಕಂಪನಿಗಳಿಗೂ ಸರ್ಕಾರಕ್ಕೂ ವರ್ಷಗಟ್ಟಲೆ ವಾದ ನಡೆದು ಆ ಅಂಕಿ ನಿಂತದ್ದು. ಉಳಿದ ಹತ್ತರಲ್ಲಿ ಉಪ್ಪು, ಸಕ್ಕರೆ, ಎಣ್ಣೆ ಮೇಲಕ್ಕೆ ತೇಲದಂತೆ ತಡೆಯುವ ಗಟ್ಟಿ ಮಾಡಿದ ಎಣ್ಣೆ. ಎಣ್ಣೆ ತೇಲದಂತೆ ಮಾಡುವ ವಿದ್ಯೆ 1920ರ ದಶಕದಲ್ಲಿ ಜೋಸೆಫ್ ರೋಸ್‌ಫೀಲ್ಡ್ ಅವರಿಂದ ಬಂತು. ಇಂಥ ಡಬ್ಬಿಯಿಂದ ಮಾಡಿದ ಕುಕೀ ಮೃದುವಾಗಿ, ಒಂದೇ ಸಮನಾಗಿ ಬರುತ್ತದೆ. ಬರೀ ಶೇಂಗಾದ ಡಬ್ಬಿಯಲ್ಲಿ ಎಣ್ಣೆ ಮೇಲೆ, ಮುದ್ದೆ ಕೆಳಗೆ. ತಳದವರೆಗೂ ಚೆನ್ನಾಗಿ ತಿರುವಿ ಅಳೆಯದಿದ್ದರೆ ಮೊದಲ ಕಪ್ಪಿನಲ್ಲಿ ಎಣ್ಣೆಯೇ ಬಂದು ಕುಕೀ ಟ್ರೇ ತುಂಬ ಹರಡುತ್ತದೆ, ಕೊನೆಯ ಕಪ್ಪಿನಲ್ಲಿ ಒಣ ಮುದ್ದೆ ಬಂದು ಉದುರುತ್ತದೆ.

ಆದರೆ ಡಬ್ಬಿ ಏಕೆ ಬೇಕು? ಚಳ್ಳಕೆರೆ, ಪಾವಗಡ, ಬಳ್ಳಾರಿ, ಕೊಪ್ಪಳ, ಗದಗ ಎಂದು ಶೇಂಗಾ ಬೆಳೆಯುವ ಸೀಮೆಗಳ ಹೆಸರು ಹೇಳುತ್ತ ಹೋಗಬಹುದಾದ ನಾಡು ನಮ್ಮದು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿಗೆಂದೇ ಪರಿಷೆ ಕೂಡುತ್ತದೆ. ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ, ಬೆಲ್ಲದ ಉಂಡೆ ನಮ್ಮ ಮನೆಗಳಲ್ಲಿ ದಿನನಿತ್ಯದವು. ಅಯ್ಯಂಗಾರ್ ಬೇಕರಿಯ ಗಾಜಿನ ಭರಣಿಯಲ್ಲಿ ಖಾರ ಹಚ್ಚಿದ ಕಾಂಗ್ರೆಸ್ ಕಡಲೆಬೀಜ ಇದ್ದೇ ಇರುತ್ತದೆ. ಹುರಿಯುವುದು, ಸಿಪ್ಪೆ ಹಾರಿಸುವುದು, ಅರೆಯುವುದು ನಮ್ಮ ಅಡುಗೆಮನೆ ತಲೆಮಾರುಗಳಿಂದ ಮಾಡುತ್ತ ಬಂದಿರುವ ಕೆಲಸ. ಪೀನಟ್ ಬಟರಿಗೆ ಇನ್ನೈದು ನಿಮಿಷ ಹೆಚ್ಚು ಅರೆಯಬೇಕು, ಅಷ್ಟೇ ವ್ಯತ್ಯಾಸ.

ಎರಡು ಕಪ್ ಬೀಜಕ್ಕೆ ಸುಮಾರು ಒಂದು ಕಪ್ ಶೇಂಗಾ ಬೆಣ್ಣೆ ಸಿಗುತ್ತದೆ. ಮೊದಲು ಬೀಜವನ್ನು ಮೊರದಲ್ಲಿ ಹರಡಿ ಆರಿಸಬೇಕು. ಸುಕ್ಕುಗಟ್ಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು, ಕಹಿ ವಾಸನೆ ಬರುವುದು ಎಲ್ಲವನ್ನೂ ನಿರ್ದಾಕ್ಷಿಣ್ಯವಾಗಿ ತೆಗೆದೆಸೆಯಿರಿ. ಶೇಂಗಾದಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಲಕ್ಷಕ್ಕೂ ಮಿಕ್ಕಿದ ಟರ್ಕಿ ಕೋಳಿಗಳು ಸತ್ತಾಗಲೇ ಈ ವಿಷ ಪತ್ತೆಯಾದದ್ದು. ಅದು ಯಕೃತ್ತಿಗೆ ಮಾರಕ, ಮನೆಯ ಹುರಿತಕ್ಕೆ ಪೂರ್ತಿ ನಾಶವಾಗುವುದಿಲ್ಲ. ಅಜ್ಜಿಯರು ಹೊಸಿಲ ಬಳಿ ಮೊರ ಹಿಡಿದು ಒಂದೊಂದೇ ಕೆಟ್ಟ ಬೀಜ ಆಯ್ದು ತೆಗೆಯುತ್ತಿದ್ದುದರಲ್ಲಿ ಎಷ್ಟು ದೊಡ್ಡ ವಿವೇಕವಿತ್ತು!

ಹುರಿಯುವುದೇ ಈ ಕುಕೀಯ ಜೀವ, ಅಲ್ಲಿ ಅವಸರ ಸಲ್ಲದು. ದಪ್ಪ ತಳದ ಬಾಣಲೆ, ಸಣ್ಣ ಉರಿ, ಬಿಡದೆ ಆಡುವ ಸೌಟು. ಉರಿ ಜಾಸ್ತಿಯಾದರೆ ಸಿಪ್ಪೆ ಕರಿದಾಗಿ ಒಳಗೆ ಹಸಿ ವಾಸನೆ ಉಳಿಯುತ್ತದೆ. ಒಂದು ಬೀಜ ಒಡೆದು ನೋಡಿ: ಒಳಮೈ ಬೆಳ್ಳಗಿದ್ದರೆ ಇನ್ನೂ ಹೊತ್ತು ಬೇಕು, ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದರೆ ಇಳಿಸಿ. ಬಾಣಲೆಯ ಬಿಸಿಗೆ ಆಮೇಲೂ ಸ್ವಲ್ಪ ಹುರಿದುಕೊಳ್ಳುತ್ತದೆ, ಹಾಗಾಗಿ ಕೂಡಲೇ ತಟ್ಟೆಗೆ ಸುರಿಯಬೇಕು. ಕಾರ್ತಿಕದ ಹೊಸ ಬೀಜದಲ್ಲಿ ತೇವ ಹೆಚ್ಚು, ಅದನ್ನು ಬಿಸಿಲಿಗೆ ಒಣಗಿಸಿಕೊಂಡೇ ಹುರಿಯುವುದು ಒಳ್ಳೆಯದು. ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಹಾರಿಸಿ. ಅಲ್ಲಿ ಇಲ್ಲಿ ಒಂದಿಷ್ಟು ಉಳಿದರೆ ತೊಂದರೆಯಿಲ್ಲ, ಎಲ್ಲ ಉಳಿದರೆ ಒಗರು.

ಬೀಜ ಇನ್ನೂ ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬೇಗ ಬಿಡುತ್ತದೆ. ಮೊದಲು ಪುಡಿಯಾಗುತ್ತದೆ. ಆಮೇಲೆ ಜಾರಿನ ಗೋಡೆಗೆ ಮೆತ್ತಿಕೊಂಡು ಉಂಡೆಯಾಗುತ್ತದೆ. ಇಲ್ಲಿಗೆ ಮುಗಿಯಿತೆಂದುಕೊಂಡು ನೀರನ್ನೋ ಎಣ್ಣೆಯನ್ನೋ ಹಾಕುವುದು ಬೇಡ. ಮಿಕ್ಸಿಯ ಮೋಟಾರಿಗೆ ಬಿಡುವು ಕೊಡುತ್ತ, ಗೋಡೆಯದನ್ನು ಚಮಚದಿಂದ ಕೆಳಗೆ ತಳ್ಳುತ್ತ, ಮತ್ತೆ ಮತ್ತೆ ತಿರುಗಿಸಿ. ಒಂದು ಹಂತದಲ್ಲಿ ಆ ಗಂಟೆಲ್ಲ ಕರಗಿ ದೋಸೆಹಿಟ್ಟಿನ ಹಾಗೆ ಹರಿಯತೊಡಗುತ್ತದೆ. ಬೀಜದ ಕೋಶಗಳು ಒಡೆದು ಒಳಗಿದ್ದ ಎಣ್ಣೆ ಹೊರಬಂದಿದೆ ಎಂದರ್ಥ. ಕಾಲು ಚಮಚ ಉಪ್ಪು ಹಾಕಿ ಒಂದು ಸುತ್ತು ತಿರುಗಿಸಿ, ಪೂರ್ತಿ ಆರಲು ಬಿಡಿ. ಬಿಸಿ ಬೆಣ್ಣೆಗೆ ಮೊಟ್ಟೆ ಒಡೆದರೆ ಅದು ಅಲ್ಲೇ ಬೆಂದು ಗಂಟಾದೀತು.

ಆರಿದ ಬೆಣ್ಣೆಗೆ ಸಕ್ಕರೆ, ಮೊಟ್ಟೆ ಸೇರಿಸಿ ಕಲಸುತ್ತಿದ್ದಂತೆ, ಅಷ್ಟು ಹೊತ್ತು ಹರಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ಬಿಗಿಯುತ್ತದೆ. ಜಿಡ್ಡಿನಲ್ಲಿ ತೇಲುತ್ತಿದ್ದ ಒಣ ಕಣಗಳು ಮೊಟ್ಟೆಯ ನೀರು ಸಿಕ್ಕೊಡನೆ ಹೀರಿ ಒಂದಕ್ಕೊಂದು ಅಂಟಿಕೊಳ್ಳುವುದರ ಪರಿಣಾಮ ಇದು. ಗಾಬರಿಯಾಗದೆ ಕಲಸಿ, ಕಣಕ ಬಟ್ಟಲು ಬಿಟ್ಟು ಬರಬೇಕು. ಬೆರಳಿಗೆ ಎಣ್ಣೆ ಎಣ್ಣೆಯೆನಿಸಿದರೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಉಂಡೆ ಕಟ್ಟಿ. ಒಂದು ಕಪ್ ಸಕ್ಕರೆ ನಮ್ಮ ನಾಲಿಗೆಗೆ ತುಸು ಹೆಚ್ಚೇ. ಮುಕ್ಕಾಲಕ್ಕಿಳಿಸಿದರೂ ಚೆನ್ನ, ಅರ್ಧಕ್ಕಿಳಿಸಿದರೆ ಕುಕೀ ಹರಡದೆ ಒಣಗಿ ಉದುರುತ್ತದೆ. ಸಕ್ಕರೆಯ ಬದಲು ಪುಡಿ ಬೆಲ್ಲ ಹಾಕಿದರೆ ಗರಿ ಸ್ವಲ್ಪ ಕಡಿಮೆಯಾಗಿ ಒಳಗೆ ಮೆತ್ತಗಾಗುತ್ತದೆ. ಬೆಲ್ಲದ ತೇವ ಅದಕ್ಕೆ ಕಾರಣ. ನನಗೆ ಇಷ್ಟವಾದದ್ದು ಇದೇ, ಜೊತೆಗೆ ಒಂದೆರಡು ಏಲಕ್ಕಿಯ ಪುಡಿ. ಹುರಿದ ಶೇಂಗಾ, ಬೆಲ್ಲ, ಏಲಕ್ಕಿ ಕೂಡಿದ ಮೇಲೆ ವೆನಿಲ್ಲಾದ ಹಂಗೇಕೆ?

ಕಾಲು ಚಮಚ ಅಡುಗೆ ಸೋಡ ಹಾಕುವುದೂ ಉಂಟು. ಅದರಿಂದ ಕುಕೀ ತುಸು ಹರಡಿ, ಬಣ್ಣ ಗಾಢವಾಗುತ್ತದೆ. ಅಂಚು ಹೊಂಬಣ್ಣಕ್ಕೆ ತಿರುಗಿ, ನಡು ಇನ್ನೂ ಮೆತ್ತಗಿರುವಾಗಲೇ ಓವನ್ನಿನಿಂದ ತೆಗೆಯಬೇಕು. ಆಗ ಮುಟ್ಟಿದರೆ ಮುರಿಯುತ್ತದೆ, ಮುಟ್ಟಬೇಡಿ. ಹತ್ತು ನಿಮಿಷ ಟ್ರೇಯಲ್ಲೇ ಬಿಟ್ಟರೆ ಸಕ್ಕರೆಯ ಪಾಕ ಬಿಗಿದು ತಾನೇ ಎದ್ದು ಬರುತ್ತದೆ. ಗಟ್ಟಿಯಾಗಲಿ ಎಂದು ಓವನ್ನಿನಲ್ಲೇ ಕಾದರೆ ಆರಿದ ಮೇಲೆ ಕಲ್ಲು.

ಮೊಟ್ಟೆ ತಿನ್ನದವರ ಮನೆಗೆ ದಾರಿ ಅಗಸೆಯದು. ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಗೆ ಮೂರು ದೊಡ್ಡ ಚಮಚ ನೀರು ಸೇರಿಸಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ, ಅದೇ ಮೊಟ್ಟೆಯ ಜಾಗ ಹಿಡಿಯುತ್ತದೆ. ಮೊಟ್ಟೆಯಷ್ಟು ಗಟ್ಟಿ ಹಿಡಿತವಿಲ್ಲ, ಕುಕೀ ತೆಳ್ಳಗೆ, ನಾಜೂಕಾಗಿ ಬರುತ್ತದೆ. ಅಗಸೆ ಚಟ್ನಿ ತಿಂದು ಬೆಳೆದ ಉತ್ತರ ಕರ್ನಾಟಕದವರಿಗೆ ಅದರ ರುಚಿ ಪರಕೀಯವೆನಿಸದು.

ಬೀಜವನ್ನೇ ಹಿಟ್ಟಾಗಿ ಬಳಸುವ ಬೇಕಿಂಗ್ ಈ ಶೇಂಗಾ ಕುಕೀಗಿಂತ ಬಹಳ ಹಳೆಯದು. ಇಟಲಿಯ ಅಮರೆತ್ತಿ ಬಾದಾಮಿ, ಸಕ್ಕರೆ, ಮೊಟ್ಟೆಯ ಬಿಳಿಯಲ್ಲಿ ಆಗುತ್ತದೆ. ನಮ್ಮ ಪಕ್ಕದ ತೂತ್ತುಕುಡಿಯ ಹೆಸರಾಂತ ಮೆಕರೂನ್ ಕೂಡ ಅದೇ ವಂಶದ್ದು: ಗೋಡಂಬಿ ಪುಡಿ, ಸಕ್ಕರೆ, ಮೊಟ್ಟೆಯ ಬಿಳಿ, ಅದಕ್ಕೂ ಮೈದಾ ಇಲ್ಲ. ಸೂರ್ಯಕಾಂತಿ ಬೀಜ ಅರೆದೂ ಕುಕೀ ಮಾಡಬಹುದು. ಆದರೆ ಸೋಡ ಹಾಕಿದ್ದರೆ ಆರಿದ ಮೇಲೆ ಒಳಗೆ ಹಸಿರು ಬಣ್ಣ ಕಾಣಿಸುತ್ತದೆ. ಆ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಕ್ಷಾರದೊಂದಿಗೆ ಕೂಡಿ ಬರುವ ಬಣ್ಣವದು, ಕೆಟ್ಟುಹೋದದ್ದಲ್ಲ, ಧಾರಾಳವಾಗಿ ತಿನ್ನಬಹುದು.

ಹಿಟ್ಟಿಲ್ಲದ ಈ ತಿನಿಸು ಕೆಲವರಿಗೆ ಬರೀ ರುಚಿಯ ಮಾತಲ್ಲ. ಸೀಲಿಯಾಕ್ ಕಾಯಿಲೆ ಇರುವ ಮಗುವಿಗೆ ಗೋಧಿಯ ಗ್ಲುಟೆನ್ ಕರುಳನ್ನೇ ಹಾಳುಮಾಡುತ್ತದೆ. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ ಗೋಧಿಯ ಮೇಲೆ ಮೊದಲಿಂದಲೂ ಅನುಮಾನ ಪಟ್ಟಿದ್ದರು. 1944–45ರ ಯುದ್ಧಕಾಲದ ಹಸಿವಿನ ಚಳಿಗಾಲದಲ್ಲಿ ಬ್ರೆಡ್ಡಿಗೆ ಬರ ಬಂದಾಗ ಇಂಥ ಮಕ್ಕಳು ಸುಧಾರಿಸಿಕೊಂಡದ್ದು ಅವರ ಅನುಮಾನವನ್ನು ಬಲಪಡಿಸಿತು. 1950ರಲ್ಲಿ ಅವರು ಅದನ್ನು ಪ್ರಬಂಧವಾಗಿ ಮಂಡಿಸಿದರು. ಹುಟ್ಟುಹಬ್ಬದ ಕೇಕು, ಬೇಕರಿಯ ಬಿಸ್ಕತ್ತು ಯಾವುದನ್ನೂ ಮುಟ್ಟಲಾಗದ ಮಗು, ಎಲ್ಲರ ಜೊತೆ ಕೂತು ಅದೇ ತಟ್ಟೆಯಿಂದ ಎತ್ತಿಕೊಳ್ಳಬಹುದಾದ ಕುಕೀ ಇದು. ಅಂಥವರಿಗೆ ಮಾಡುವಾಗ ಮಿಕ್ಸಿ ಜಾರು, ಟ್ರೇಗಳಲ್ಲಿ ಮೈದಾದ ಧೂಳೂ ಇರಬಾರದು. ಇನ್ನೊಂದು ಕಡೆಯಿಂದ, ಶೇಂಗಾವೇ ಆಗದ ಮಕ್ಕಳೂ ಇದ್ದಾರೆ, ಕೆಲವರಿಗೆ ಚೂರು ತಗುಲಿದರೂ ಉಸಿರು ಕಟ್ಟುವಷ್ಟು ಅಲರ್ಜಿ. ಶಾಲೆಯ ಡಬ್ಬಿಗೆ ಹಾಕುವ ಮುನ್ನ ವಿಚಾರಿಸಿಕೊಳ್ಳಿ.

ಓವನ್ ಇಲ್ಲದಿದ್ದರೂ ನಡೆಯುತ್ತದೆ. ದಪ್ಪ ತಳದ ದೊಡ್ಡ ಬಾಣಲೆಗೆ ಎರಡು ಬೆರಳೆತ್ತರ ಪುಡಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಬಟರ್ ಪೇಪರ್ ಹಾಸಿದ ತಟ್ಟೆಯಲ್ಲಿ ಐದಾರು ಕುಕೀ ಜೋಡಿಸಿ ಒಳಗಿಟ್ಟು, ಬಿಗಿಯಾಗಿ ಮುಚ್ಚಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬಿಡಿ. ತಳ ಮೊದಲು ಕೆಂಪಾಗುವುದರಿಂದ ತಟ್ಟೆಯ ಕೆಳಗೆ ಇನ್ನೊಂದು ತಟ್ಟೆ ಇರಲಿ. ಮೇಲ್ಭಾಗ ಓವನ್ನಿನಷ್ಟು ಕಂದುವುದಿಲ್ಲ, ರುಚಿಗೇನೂ ಕೊರತೆಯಿಲ್ಲ. ಪೂರ್ತಿ ಆರಿಸಿ ಗಾಳಿಯಾಡದ ಡಬ್ಬಿಗೆ ತುಂಬಿದರೆ ಒಂದು ವಾರ ಕೆಡದು. ಮಳೆಗಾಲದಲ್ಲಿ ಎರಡೇ ದಿನಕ್ಕೆ ಮೆತ್ತಗಾದರೆ ಐದು ನಿಮಿಷ ಮತ್ತೆ ಬಿಸಿ ತೋರಿಸಿ ಆರಿಸಿ, ಗರಿ ಮರಳುತ್ತದೆ.