ಕಣದಲ್ಲಿ ವಾಹನ ಹಿಂದಕ್ಕೆ ಬರುವಾಗ

ಕೊಯ್ಲು ಬಂತೆಂದರೆ ನಮ್ಮ ಕಣ್ಣೆಲ್ಲ ಹಣ್ಣಿನ ಮೇಲೆ, ಮೋಡದ ಮೇಲೆ. ಅದೇ ದಿನಗಳಲ್ಲಿ ಪಲ್ಪರ್ ಮನೆಯ ಮುಂದೆ, ಕಣದಲ್ಲಿ, ಜನರ ಓಡಾಟವೂ ಪಿಕಪ್, ಟ್ರ್ಯಾಕ್ಟರುಗಳ ಓಡಾಟವೂ ಒಂದೇ ಜಾಗದಲ್ಲಿ ನಡೆಯುತ್ತದೆ.

ಸಂಜೆ ಹಣ್ಣು ತೂಗುವ ಹೊತ್ತು ಹೆಚ್ಚು ಅಪಾಯದ್ದು. ಬೆಳಕು ಕಡಿಮೆ. ದಣಿದ ಆಳುಗಳು ಮೂಟೆಗೆ ಒರಗಿ ಕುಳಿತಿರುತ್ತಾರೆ. ಪಲ್ಪರಿನ ಗದ್ದಲದಲ್ಲಿ ಎಂಜಿನ್ನಿನ ಸದ್ದು ಕೇಳಿಸದು. ವಾಹನದ ಬೆನ್ನಿಗೇ ಇರುವವರು ಚಾಲಕನ ಕನ್ನಡಿಯಲ್ಲಿ ಕಾಣುವುದಿಲ್ಲ. ರಾತ್ರಿ ಅಡಿಕೆ ಸುಲಿಯುವ ಅಂಗಳಕ್ಕೂ ಈ ಮಾತು ಸಲ್ಲುತ್ತದೆ.

"ನಿಧಾನವಾಗಿಯೇ ಬಂದೆ" ಎಂದರೆ ಸಾಲದು. ಗಂಟೆಗೆ 20 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 5.5 ಮೀಟರ್ ಸಾಗುತ್ತದೆ. ಚಾಲಕ ಆಳನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ.

ಹೆಚ್ಚು ಖರ್ಚಿಲ್ಲದ ಏರ್ಪಾಡುಗಳಿವೆ. ತೂಕದ ಜಾಗವನ್ನೂ ವಾಹನದ ದಾರಿಯನ್ನೂ ಹಗ್ಗ ಕಟ್ಟಿ ಬೇರೆ ಮಾಡಬೇಕು. ಹಿಂದಕ್ಕೆ ತೆಗೆಯುವಾಗ ಗೊತ್ತುಮಾಡಿದ ಒಬ್ಬನೇ ಆಳು, ಕನ್ನಡಿಗೆ ಕಾಣುವಂತೆ ಪಕ್ಕಕ್ಕೆ ನಿಂತು ಸನ್ನೆ ಮಾಡಬೇಕು. ಅವನು ಮರೆಯಾದೊಡನೆ ಚಾಲಕ ನಿಲ್ಲಿಸಲೇಬೇಕು. ಇಳಿಜಾರಿನಲ್ಲಿ ನಿಂತ ವಾಹನಕ್ಕೆ ಹ್ಯಾಂಡ್ ಬ್ರೇಕಿನ ಜೊತೆಗೆ ಚಕ್ರಕ್ಕೆ ಕಲ್ಲು ಕೊಡಬೇಕು. ಮಕ್ಕಳನ್ನು ಕಣಕ್ಕೆ ಬಿಡಬಾರದು.

ಕೆಲಸದಲ್ಲಿ ಆದ ಗಾಯಕ್ಕೆ ಪರಿಹಾರ ಕೊಡುವ ಹೊಣೆ 1923ರ ಕಾಯಿದೆಯ ಕಾಲದಿಂದಲೂ ಮಾಲೀಕರದು. ಆದರೆ ನಜ್ಜುಗುಜ್ಜಾದ ಕಾಲು ಪರಿಹಾರದ ಹಣದಿಂದ ಮೊದಲಿನಂತಾಗದು. ದುಡಿಯುವ ಕೈ ಹೋದ ಮನೆಯೂ ಅಷ್ಟೆ.

ಕೊಯ್ಲು ಆರಂಭಿಸುವ ಮುನ್ನಾದಿನವೇ ರೈಟರು, ಮೇಸ್ತ್ರಿ, ಚಾಲಕರನ್ನು ಕಣದಲ್ಲಿ ಸೇರಿಸಿ ಈ ಕಟ್ಟುಪಾಡನ್ನು ತಿಳಿಸಬೇಕೆಂದು ಸದಸ್ಯ ಬಾಂಧವರಲ್ಲಿ ಕೋರುತ್ತೇವೆ. ಹೊರಗಿನಿಂದ ಬರುವ ಲಾರಿಯವರಿಗೂ ಇದೇ ನಿಯಮ.