‘ಜಿ’ಯಲ್ಲಿ ಕೂತ ವಿಂಡೋಸ್

ವಿಂಡೋಸ್ ಎಕ್ಸ್‌ಪಿ ಚಾಲ್ತಿಯಲ್ಲಿದ್ದಾಗ ಕಂಪ್ಯೂಟರ್ ರಿಪೇರಿಯವರಿಗೆ ಒಂದು ವಿಚಿತ್ರ ತೊಂದರೆ ಎದುರಾಗುತ್ತಿತ್ತು. ಹಾರ್ಡ್ ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿರುತ್ತಾರೆ. ಮೈ ಕಂಪ್ಯೂಟರ್ ತೆರೆದರೆ ವಿಂಡೋಸ್ ಇರುವುದು ‘ಜಿ’ ಡ್ರೈವಿನಲ್ಲಿ! ‘ಸಿ’ ಒತ್ತಿದರೆ ಡಿಸ್ಕ್ ಹಾಕಿ ಎನ್ನುತ್ತದೆ.

1981ರ ಐಬಿಎಂ ಪಿಸಿಯಲ್ಲಿ ‘ಎ’, ‘ಬಿ’ ಎರಡೂ ಫ್ಲಾಪಿಗಳ ಪಾಲಾಗಿದ್ದವು. 1983ರ ಪಿಸಿ ಎಕ್ಸ್‌ಟಿಯಲ್ಲಿ ಬಂದ 10 ಎಂಬಿ ಹಾರ್ಡ್ ಡಿಸ್ಕಿಗೆ ‘ಸಿ’ ದಕ್ಕಿತು. ಅಂದಿನಿಂದ ಅದು ಹಾರ್ಡ್ ಡಿಸ್ಕಿನದೇ ಅಕ್ಷರ ಎಂದು ಎಲ್ಲರೂ ನಂಬಿದ್ದರು.

ಸುಳಿವು ಸಿಕ್ಕಿದ್ದು ಕ್ಯಾಬಿನೆಟ್ಟಿನ ಮುಂಭಾಗದಲ್ಲಿ. ಇಂಥ ಯಂತ್ರಗಳಲ್ಲಿ ಮೆಮೊರಿ ಕಾರ್ಡ್ ರೀಡರ್ ಇರುತ್ತಿತ್ತು. ಅದರ ನಾಲ್ಕು ಕಿಂಡಿಗಳು ನಾಲ್ಕು ಡ್ರೈವ್‌ಗಳಾಗಿ ‘ಸಿ’ಯಿಂದ ‘ಎಫ್’ವರೆಗಿನ ಅಕ್ಷರಗಳನ್ನು ಹಿಡಿದುಬಿಡುತ್ತಿದ್ದವು. ಖಾಲಿ ಡಿಸ್ಕಿನಲ್ಲಿ ಪಾರ್ಟಿಷನ್ನೇ ಇರದ ಕಾರಣ ಅದಕ್ಕೆ ಅಕ್ಷರವೂ ಇರುತ್ತಿರಲಿಲ್ಲ. ಆಮೇಲೆ ಮಾಡಿದ ಪಾರ್ಟಿಷನ್ನಿಗೆ ಉಳಿದದ್ದು ‘ಜಿ’. ರೀಡರಿನ ಕೇಬಲ್ ಕಿತ್ತು ಮತ್ತೆ ಇನ್‌ಸ್ಟಾಲ್ ಮಾಡಿದರೆ ‘ಸಿ’ಯೇ ಬರುತ್ತಿತ್ತು.

ಹಾಗಾದರೆ ಹೆಸರನ್ನಷ್ಟೇ ಬದಲಿಸಬಾರದೇ? ಅಕ್ಷರ ಬದಲಿಸಲೆಂದೇ ಇರುವ ವಿಂಡೋಸಿನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಇದಕ್ಕೆ ಒಪ್ಪುವುದಿಲ್ಲ. ಕೆಲವರು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯ ‘ಮೌಂಟೆಡ್ ಡಿವೈಸಸ್’ ಭಾಗ ತೆರೆದು ನೋಡಿದರು. ಅಲ್ಲಿ ಹಾರ್ಡ್ ಡಿಸ್ಕಿನ ಅಕ್ಷರದ ಮುಂದೆ 12 ಬೈಟ್‌ಗಳು: ಮೊದಲ 4 ಡಿಸ್ಕಿನ ಗುರುತು, ಉಳಿದ 8 ಪಾರ್ಟಿಷನ್ ಎಲ್ಲಿಂದ ಶುರು ಎಂಬುದು. ಅಂದರೆ ಅಕ್ಷರ ಡಿಸ್ಕಿನ ಮೇಲಿಲ್ಲ. ಅದು ವಿಂಡೋಸ್ ತನಗಾಗಿ ಬರೆದಿಟ್ಟುಕೊಂಡ ಲೆಕ್ಕದ ಪುಸ್ತಕದ ಒಂದು ಸಾಲು.

ಸಾಲು ತಿದ್ದಿ ರೀಸ್ಟಾರ್ಟ್ ಮಾಡಿದರೆ ಇನ್ನೊಂದು ಪೇಚು. ಲಾಗಿನ್ ಆದ ಮರುಗಳಿಗೆಯೇ ಲಾಗ್‌ಆಫ್! ಲಾಗಿನ್ ಆದೊಡನೆ ಓಡಬೇಕಾದ ‘ಯೂಸರ್‌ಇನಿಟ್’ ಕಡತದ ವಿಳಾಸ ರಿಜಿಸ್ಟ್ರಿಯಲ್ಲಿ ಇನ್ನೂ ‘ಜಿ’ ಎಂದೇ ಇತ್ತು. ಇಂಥ ವಿಳಾಸಗಳು ರಿಜಿಸ್ಟ್ರಿಯ ತುಂಬ ಹರಡಿರುತ್ತವೆ. ಒಂದು ಡಿಸ್ಕನ್ನು ಇನ್ನೊಂದಕ್ಕೆ ಯಥಾವತ್ತಾಗಿ ನಕಲು (ಕ್ಲೋನ್) ಮಾಡಿದಾಗಲೂ ಇದೇ ಲಾಗ್‌ಆಫ್ ಕಾಟ ಕಾಣುತ್ತಿತ್ತು; ಅದರ ಗುಟ್ಟೂ ಇಲ್ಲೇ ಬಯಲಾಯಿತು. ಅಲ್ಲಿ ವಿಳಾಸಗಳೆಲ್ಲ ‘ಸಿ’ ಎನ್ನುತ್ತವೆ, ಅಕ್ಷರ ಮಾತ್ರ ಜಾರಿರುತ್ತದೆ. ಹಾಗಾಗಿ ‘ಮೌಂಟೆಡ್ ಡಿವೈಸಸ್’ನ ಆ ಸಾಲು ತಿದ್ದಿದರೆ ಸಾಕು.

ವಿಸ್ಟಾ ಬಂದಮೇಲೆ, ಡಿವಿಡಿಯಿಂದ ಬೂಟ್ ಮಾಡಿ ಹಾಕಿದ ವಿಂಡೋಸ್ ತನ್ನ ಪಾರ್ಟಿಷನ್ನನ್ನೇ ‘ಸಿ’ ಎಂದು ಕರೆದುಕೊಳ್ಳತೊಡಗಿತು. ಹಳೆಯ ಎಕ್ಸ್‌ಪಿ ಯಂತ್ರ ಇನ್ನೂ ನಿಮ್ಮಲ್ಲಿದ್ದರೆ ಇಷ್ಟು ನೆನಪಿಡಿ: ಅಕ್ಷರ ಆಮೇಲೆ ಬದಲಾಗಿದ್ದರೆ, ಕಡತಗಳ ಬ್ಯಾಕಪ್ ತೆಗೆದು ರಿಜಿಸ್ಟ್ರಿ ತಿದ್ದಿ. ಇನ್‌ಸ್ಟಾಲ್ ಆಗುವಾಗಲೇ ತಪ್ಪಿದ್ದರೆ ತಿದ್ದಲು ಹೋಗಬೇಡಿ. ಕಾರ್ಡ್ ರೀಡರ್ ಕಿತ್ತಿಟ್ಟು ವಿಂಡೋಸನ್ನು ಹೊಸದಾಗಿ ಹಾಕಿ.